ಹೂಂಗುಟ್ಟುವ ಕೆಲಸ

ಜನವರಿ ೯

ಅಣ್ಣಾ,

ಫೋನ್ ಮಾಡುವುದು ಬಿಟ್ಟು ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಬೆಳಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ಆಂಬುಲೆನ್ಸ್ ಸೇವೆ, ಹೇಳಿ" ಎಂದು ಒದರಿದವಳಿಗೆ ಮನೆಗೆ ಬಂದ ಮೇಲೆ ಫೋನ್ ಕಂಡರೆ ಮೈ ಉರಿಯುತ್ತದೆ. ನಿನ್ನ ಕಿವಿಯ ಗತಿಯೂ ಅಷ್ಟೇ ಇರಬೇಕು. ಯಾರೋ ಊಟಕ್ಕೆ ಕೂತು ಆಡಿದ ಮಾತು, ಯಾರೋ ಕ್ಷೌರದಂಗಡಿಯಲ್ಲಿ ಹರಟಿದ್ದು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು ಕೆಮ್ಮು ಸೀನು ಸಮೇತ ಬರೆದಿಡುವ ನಿನಗೆ ವಿಶ್ವವಿದ್ಯಾಲಯದವರು ಸಂಬಳವನ್ನೂ ಕೊಡುತ್ತಾರಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗದ ವಿಷಯ. ಹಾಗಾದರೆ ನಮ್ಮ ಪಕ್ಕದ ಮನೆಯಾಕೆಗೆ ಎರಡು ಡಾಕ್ಟರೇಟ್ ಕೊಡಬೇಕು.

ಇರಲಿ, ನಿನ್ನಿಂದ ಒಂದು ಉಪಾಯ ಬೇಕು. ನಮ್ಮ ಕೋಣೆಯ ಗೋಡೆಗೆ ಒಂದು ಫಲಕ ಹಾಕಿದ್ದಾರೆ. ಎಷ್ಟು ಕರೆಗಳು ಕಾಯುತ್ತಿವೆ ಎಂಬ ಅಂಕಿ ಅದರಲ್ಲಿ ಕೆಂಪಗೆ ಉರಿಯುತ್ತಿರುತ್ತದೆ. ದಿನಾ ಬೆಳಗ್ಗೆ ಒಬ್ಬ ಮುದುಕರು ಫೋನ್ ಮಾಡುತ್ತಾರೆ. ರೋಗವಿಲ್ಲ, ಅಪಘಾತವಿಲ್ಲ. ನೀರಿನ ಪಂಪು ಕೆಟ್ಟಿದ್ದು, ಮಂಡಿನೋವು, ಹೆಂಡತಿ ನಿನ್ನೆ ಏನೆಂದು ಗದರಿದಳು, ಇದೇ. ಪೀಠಿಕೆಯೇ ಪುರಾಣದಷ್ಟು ಉದ್ದ, ಪುರಾಣ ಮಾತ್ರ ಎಂದೂ ಶುರುವಾಗುವುದಿಲ್ಲ. ಅದಕ್ಕೇ ನಾವೆಲ್ಲ ಅವರಿಗೆ ಪೀಠಿಕೆ ತಾತ ಎಂದು ಹೆಸರಿಟ್ಟಿದ್ದೇವೆ. ನಾವಾಗಿ ಫೋನ್ ಇಡುವಂತಿಲ್ಲ, ಅದು ಇಲ್ಲಿನ ಕಟ್ಟುನಿಟ್ಟು. "ತಾತ, ಇದು ತುರ್ತಿಗೆ ಮಾತ್ರ ಇರೋ ನಂಬರ್ರು" ಎಂದರೆ "ಹೌದು ಕಣಮ್ಮ, ಹೇಳ್ತೀನಿ ತಾಳಿ" ಎಂದು ಮತ್ತೆ ಪಂಪಿಗೆ ಹೋಗುತ್ತಾರೆ. ಮೊನ್ನೆ ಅವರು ಪಂಪಿನ ಕಥೆ ಹೇಳುತ್ತಿದ್ದಾಗ ಹೆರಿಗೆ ನೋವಿನ ಹೆಣ್ಣೊಬ್ಬಳ ಕರೆ ಹಿಂದೆ ಕಾದು ನಿಂತಿತ್ತು.

ಮಾತಿನ ಪಂಡಿತನೇ, ಕತ್ತರಿಸದೆ ಮಾತು ನಿಲ್ಲಿಸುವುದು ಹೇಗೆ? ಹೇಳಿಕೊಡು.

ನಿನ್ನ ಗಿಣಿ


ಜನವರಿ ೨೧

ಗಿಣಿ,

ಹುಟ್ಟಿದಾಗಿನಿಂದ ವಟವಟ ಎನ್ನುವ ನಿನಗೆ ಗಿಣಿ ಎಂದು ಹೆಸರಿಟ್ಟವನು ನಾನು. ಈಗ ನೀನೇ ಬಂದು ಇನ್ನೊಬ್ಬರ ಬಾಯಿ ಮುಚ್ಚಿಸುವುದು ಹೇಗೆ ಎಂದು ಕೇಳುತ್ತಿದ್ದೀಯಲ್ಲ, ಕಾಲ ಬಂತು ನೋಡು.

ಅಜ್ಜಿ ಕಥೆ ಹೇಳುವಾಗ ನಾವು ಹೂಂ ಅನ್ನಬೇಕಿತ್ತು, ನೆನಪಿದೆಯಾ? ನಿನಗೆ ಜೊಂಪು ಹತ್ತಿ ಹೂಂ ತಪ್ಪಿದ ಕೂಡಲೇ ಅಜ್ಜಿ ನಿಲ್ಲಿಸುತ್ತಿದ್ದಳು. "ಹೂಂಗುಟ್ಟೋರು ಇಲ್ಲದ ಮೇಲೆ ಯಾರಿಗೆ ಹೇಳ್ಲಿ, ಗೋಡೆಗಾ?" ಎನ್ನುತ್ತಿದ್ದಳು. ನಾನು ಇಷ್ಟು ವರ್ಷ ಓದಿ ಕಂಡುಕೊಂಡದ್ದು ಅಜ್ಜಿಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚೇನಲ್ಲ. ಮಾತು ಆಡುವವನೊಬ್ಬನ ಸ್ವತ್ತಲ್ಲ. ಎದುರಿಗಿರುವವರು ಹೂಂ, ಹಾಂ, ಹೌದಾ ಎನ್ನುತ್ತಾ ದಾರಿ ಬಿಟ್ಟುಕೊಟ್ಟರಷ್ಟೇ ಅದು ಮುಂದೆ ಹೋಗುತ್ತದೆ. ನನ್ನ ರೆಕಾರ್ಡುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದೇನೆ. ಹೂಂ ನಿಂತರೆ ಹೇಳುವವರು ಮೊದಲು ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾರೆ, ಆಮೇಲೆ ತಡವರಿಸುತ್ತಾರೆ, ಆಮೇಲೆ "ಆಯ್ತು ಬಿಡಿ" ಎಂದು ತಾವೇ ಮುಗಿಸುತ್ತಾರೆ. ನನ್ನ ಪುಸ್ತಕದ ಮುಖ್ಯ ಅಧ್ಯಾಯವೇ ಇದು.

ಆದ್ದರಿಂದ ನಿನ್ನ ತಾತನಿಗೆ ಮದ್ದು ಸುಲಭ. ಹೂಂ ನುಂಗಿಬಿಡು. ಒರಟಾಗಿ ಏನೂ ಅನ್ನಬೇಡ, ಸುಮ್ಮನಿರು. ಫೋನ್ ಇಟ್ಟವರು ಅವರೇ ಆಗುತ್ತಾರೆ, ತಪ್ಪು ನಿನ್ನ ಮೇಲೆ ಬರುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಸುಮ್ಮನೆ ಹೇಳಿದರೇ ಹಿರಿಯರು?

ಫೀಸು ಆಮೇಲೆ ಕೊಡುವೆಯಂತೆ.

ಅಣ್ಣ


ಫೆಬ್ರವರಿ ೧೧

ಅಣ್ಣಾ,

ನಿನ್ನ ಮದ್ದು ನಾಟಿತು! ಮೊದಲ ದಿನ ತಾತ ಮಂಡಿನೋವಿನಿಂದ ಶುರು ಮಾಡಿದರು. ನಾನು ತುಟಿ ಕಚ್ಚಿಕೊಂಡು ಕೂತೆ. ಹೂಂ ಬಾಯಿಗೆ ಬಂದು ಬಂದು ವಾಪಸು ಹೋಗುತ್ತಿತ್ತು, ಬಿಕ್ಕಳಿಕೆ ತಡೆದ ಹಾಗೆ. ನೀನು ಬರೆದಂತೆಯೇ ಅವರು ಅದೇ ಮಾತು ಇನ್ನೊಮ್ಮೆ ಹೇಳಿದರು, ತಡವರಿಸಿದರು, "ಆಯ್ತು ಬಿಡಮ್ಮ, ನಿಮ್ಗೂ ಕೆಲ್ಸ ಇರತ್ತೆ" ಎಂದು ಇಟ್ಟುಬಿಟ್ಟರು. ನನ್ನ ಪಕ್ಕದ ಮೇಜಿನವಳು ಬಾಯಿಬಿಟ್ಟುಕೊಂಡು ನೋಡಿದಳು. ಈಗ ಇಡೀ ಕೋಣೆಯಲ್ಲಿ ಇದರ ಹೆಸರು 'ಅಣ್ಣನ ಮಂತ್ರ'. ಕುಡಿದು ಫೋನ್ ಮಾಡುವವರಿಗೆ, ಬಸ್ಸಿನ ಸಮಯ ಕೇಳುವವರಿಗೆ, ಎಲ್ಲರಿಗೂ ಅದೇ ಮಂತ್ರ. ಫಲಕದ ಅಂಕಿ ಇಳಿದಿದೆಯೆಂದು ಮೇಲ್ವಿಚಾರಕಿ ನಮಗೆಲ್ಲ ಕಾಫಿ ಕೊಡಿಸಿದರು.

ಒಂದೇ ಒಂದು ಬೇಜಾರು. ತಾತ ಈಗ ಶುರುವಿನಲ್ಲೇ "ತೊಂದ್ರೆ ಕೊಡ್ತಿದೀನೇನೋ" ಎನ್ನುತ್ತಾರೆ. ಆದರೂ ಫೋನ್ ಮಾಡುವುದು ಬಿಟ್ಟಿಲ್ಲ. ಅವರಿಗೆ ಯಾರಾದರೂ ಇದ್ದಾರೋ ಇಲ್ಲವೋ. ಹೆಂಡತಿ ಇದ್ದಾಳಲ್ಲ, ಸಾಕು ಎಂದುಕೊಳ್ಳುತ್ತೇನೆ.

ಪುಸ್ತಕ ಅಚ್ಚಾದ ಮೇಲೆ ಒಂದು ಪ್ರತಿ ನಮ್ಮ ಕೋಣೆಗೆ ಕಳಿಸು, ಹೂಮಾಲೆ ಹಾಕಿ ಇಡುತ್ತೇವೆ.

ಗಿಣಿ


ಏಪ್ರಿಲ್ ೩೦

ಅಣ್ಣಾ,

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸು. ನಿನಗೂ ಪುಸ್ತಕದ ಗಡಿಬಿಡಿ ಇತ್ತೆಂದು ಕಾಣುತ್ತದೆ, ನೀನೂ ಬರೆಯಲಿಲ್ಲ.

ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಪೀಠಿಕೆ ತಾತನ ಹೆಂಡತಿ ತೀರಿಕೊಂಡರು. ಬೆಳಗ್ಗೆ ಹಾಸಿಗೆಯಲ್ಲೇ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ತಾತ ದಿಕ್ಕು ತೋಚದೆ ದಿನವಿಡೀ ಪಕ್ಕದಲ್ಲೇ ಕೂತಿದ್ದರಂತೆ. ಸಂಜೆ ಪಾತ್ರೆ ವಾಪಸು ಕೊಡಲು ಬಂದ ನೆರೆಯಾಕೆ ನೋಡಿ ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದಳು. ಬೆಳಗ್ಗೆಯೇ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅಂದರಂತೆ. ಆ ಬೆಳಗ್ಗೆ ತಾತ ನನಗೆ ಫೋನ್ ಮಾಡಿದ್ದರು. ಅವರ ಮಗಳು ದೂರು ಕೊಟ್ಟಿದ್ದಾಳೆ. ವಿಚಾರಣೆ ಜೂನ್ ಮೊದಲ ವಾರ. ಲೈನಿನಲ್ಲಿ ಗದ್ದಲವಿತ್ತು, ಸರಿಯಾಗಿ ಕೇಳಿಸಲಿಲ್ಲ ಎಂದು ನಾನು ಬರೆದುಕೊಟ್ಟಿದ್ದೇನೆ.

ನಮ್ಮ ನೌಕರರ ಸಂಘದ ವಕೀಲರು ಮಾತಿನ ತಜ್ಞರೊಬ್ಬರ ಅಭಿಪ್ರಾಯ ಬೇಕೆಂದರು. ನಿನ್ನ ಹೆಸರು ಕೊಟ್ಟೆ, ನನ್ನ ಅಣ್ಣನೆಂದು ಹೇಳಲಿಲ್ಲ. ರೆಕಾರ್ಡು ಅವರೇ ಕಳಿಸುತ್ತಾರೆ. ಅದರಲ್ಲಿರುವುದು ಇಷ್ಟು:

"ಆಂಬುಲೆನ್ಸ್ ಸೇವೆ, ಹೇಳಿ."

"ನಮಸ್ಕಾರ ಕಣಮ್ಮ. ನಾನೇ."

"ಹೇಳಿ ತಾತ."

"ಪಂಪು ಸರಿಹೋಯ್ತು. ಅವ್ನು ಬಂದು ವಾಷರ್ ಹಾಕ್ಕೊಟ್ಟು ಹೋದ."

ನಾನು ಏನೂ ಅನ್ನಲಿಲ್ಲ.

"ನೀರು ಈಗ ಚೆನ್ನಾಗಿ ಬರ್ತಿದೆ."

ಏನೂ ಅನ್ನಲಿಲ್ಲ.

"ಅದೇ, ನಾನು ಹೇಳ್ಬೇಕು ಅಂತಿದ್ದಿದ್ದು... ನಮ್ಮನೆಯವ್ಳು ಇವತ್ತು ಎದ್ದಿಲ್ಲ."

ಏನೂ ಅನ್ನಲಿಲ್ಲ.

"ಕಾಫಿ ಮಾಡಿಟ್ಟೆ. ಹಾಗೇ ಆರಿಹೋಗಿದೆ... ಕೇಳಿಸ್ತಾ ಇದ್ಯಾಮ್ಮ?"

ಆಗಲೂ ಅನ್ನಲಿಲ್ಲ.

"ಆಯ್ತು ಬಿಡಮ್ಮ. ನಿಮ್ಗೂ ಕೆಲ್ಸ ಇರತ್ತೆ."

ಇದರಲ್ಲಿ ನಿನಗೆ ಏನು ಕಾಣುತ್ತದೋ ಅದನ್ನು ಬರಿ.

ನಿನ್ನ ತಂಗಿ


ಮೇ ೧೪

ಗಿಣಿ,

ಧೈರ್ಯ ತಂದುಕೋ. ಅಭಿಪ್ರಾಯವನ್ನು ವಕೀಲರಿಗೆ ಕಳಿಸಿಯಾಯಿತು. ನಿನ್ನ ಸಮಾಧಾನಕ್ಕೆ ಮುಖ್ಯ ಭಾಗವನ್ನು ಇಲ್ಲಿ ಬರೆಯುತ್ತೇನೆ: "ಕರೆ ಸ್ವೀಕರಿಸಿದವರ ಮೌನವು ಹಿರಿಯರ ಮಾತಿಗೆ ಅಡ್ಡ ಬರಬಾರದೆಂಬ ಗೌರವದ ಮೌನವಾಗಿದೆ. ದಿನನಿತ್ಯದ ಸಂಭಾಷಣೆಯಲ್ಲಿ ಇದು ಸಹಜ. ಕರೆ ಮಾಡಿದವರು ವಿಷಯವನ್ನು ತುರ್ತೆಂದು ಮಂಡಿಸಲಿಲ್ಲ. ಕ್ಷುಲ್ಲಕ ಸಂಗತಿಗಳ ನಡುವೆ ಅದನ್ನು ಸೇರಿಸಿ, ತಾವಾಗಿಯೇ ಕರೆಯನ್ನು ಮುಗಿಸಿದ್ದಾರೆ."

ಓದಿದ ವಕೀಲರಿಗೆ ಬಹಳ ಹಿಡಿಸಿತು. ಲೈನಿನ ಗದ್ದಲದ ವಿಷಯ ನಾನು ಎತ್ತಿಲ್ಲ, ರೆಕಾರ್ಡಿನಲ್ಲಿ ಗದ್ದಲವಿಲ್ಲ. ನೀನೂ ಅದನ್ನು ಕೆದಕಬೇಡ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಚೆನ್ನಾಗಿ ಊಟ ಮಾಡು, ನಿದ್ದೆ ಮಾಡು. ಯಾರು ಏನೇ ಕೇಳಿದರೂ ಗೌರವದ ಮೌನ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೋ.

ಅಣ್ಣ


ಮೇ ೨೨

ಅಣ್ಣಾ,

ನಿನ್ನ ಅಭಿಪ್ರಾಯವನ್ನು ಮೂರು ಸಲ ಓದಿದೆ. ಕ್ಷುಲ್ಲಕ ಸಂಗತಿ ಎಂದರೆ ಪಂಪು ತಾನೇ? ಆ ಪಂಪು ಕೆಟ್ಟಾಗ ಅವರ ಹೆಂಡತಿ ಕೆಳಗಿನ ನಲ್ಲಿಯಿಂದ ಬಿಂದಿಗೆ ಹೊತ್ತು ತರುತ್ತಿದ್ದರು. ಅದನ್ನೂ ಅವರು ಫೋನಿನಲ್ಲಿ ಹೇಳಿದ್ದರು. ಪಂಪು ಸರಿಹೋಯ್ತು, ನೀರು ಬರ್ತಿದೆ, ಅವಳು ಎದ್ದಿಲ್ಲ. ಅದು ಪೀಠಿಕೆಯಲ್ಲ, ಅಷ್ಟೂ ಒಂದೇ ವಿಷಯ. ಅವರಿಗೆ ಹೇಳಲು ಬರುತ್ತಿದ್ದದ್ದೇ ಹಾಗೆ.

ನೀನು ಕ್ಷೌರದಂಗಡಿಯ ಕೆಮ್ಮಿಗೆ ಅರ್ಥ ಹೇಳುವವನು. ನನ್ನ ಮೌನ ಎಂಥದ್ದು ಎಂದು ನಿನಗೆ ಗೊತ್ತಾಗಲಿಲ್ಲವೇ? ಅಥವಾ ಗೊತ್ತಾಗಿಯೂ ಹೀಗೆ ಬರೆದೆಯಾ? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಬೇಡ, ನೇರವಾಗಿ ಹೇಳು.

ನಾನೂ ಒಂದು ನೇರವಾಗಿ ಹೇಳುತ್ತೇನೆ. ಲೈನಿನಲ್ಲಿ ಗದ್ದಲವಿರಲಿಲ್ಲ, ನನಗೆ ಕೇಳಿಸಿತು. ಎದ್ದಿಲ್ಲ ಎಂದದ್ದು ಚೆನ್ನಾಗಿ ಕೇಳಿಸಿತು. ತಡವಾಗಿ ಏಳುತ್ತಾಳೆ ಎಂದು ಇನ್ನೊಂದು ಕಥೆ ತೆಗೆಯುತ್ತಿದ್ದಾರೆ ಎಂದುಕೊಂಡೆ. ಆಗಲೇ ಅವರು ತಡವರಿಸಲು ಶುರು ಮಾಡಿದ್ದರು. ಇನ್ನೇನು ಇಟ್ಟುಬಿಡುತ್ತಾರೆ, ಈಗ ಹೂಂ ಅಂದರೆ ಇಷ್ಟು ಹೊತ್ತು ತಡೆದದ್ದು ದಂಡ ಎಂದು ತುಟಿ ಕಚ್ಚಿಕೊಂಡೆ. ಗೋಡೆಯ ಫಲಕ ನೋಡುತ್ತಾ ಕೂತಿದ್ದೆ.

ತಂಗಿ


ಮೇ ೩೧

ಗಿಣಿ,

ಗೊತ್ತಾಯಿತು. ರೆಕಾರ್ಡು ಹಾಕಿದ ಕೂಡಲೇ ಗೊತ್ತಾಯಿತು. ನೀರು ಚೆನ್ನಾಗಿ ಬರ್ತಿದೆ ಎಂದ ಮೇಲೆ ಬರುವ ಆ ಮೌನವನ್ನು ಕೇಳಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ನಿನ್ನನ್ನು ಉಳಿಸಬೇಕಿತ್ತು, ಅದಕ್ಕೇ ಹಾಗೆ ಬರೆದೆ.

ಸ್ವಲ್ಪ ನನ್ನ ಸ್ಥಿತಿಯನ್ನೂ ಯೋಚಿಸು. ಪುಸ್ತಕ ಅಚ್ಚಿಗೆ ಹೋಗಿದೆ. ವಿಭಾಗದ ಮುಖ್ಯಸ್ಥರಿಗೆ ನನ್ನನ್ನು ಕಂಡರೆ ಮೊದಲೇ ಆಗದು. ಸಾಮಾನ್ಯ ಜನರ ಹರಟೆಯನ್ನು ಕೇಳಿಸಿಕೊಂಡು ಯಾರಿಗೇನು ಉಪಯೋಗ ಎಂದು ಸಭೆಯಲ್ಲೇ ಚುಚ್ಚುತ್ತಾರೆ. ಈಗ ತುರ್ತುಸೇವೆಯವರಿಗೆ ಕರೆ ತೆಗೆದುಕೊಳ್ಳುವುದನ್ನು ಕಲಿಸಲು ನನ್ನನ್ನು ಕರೆಯುವ ಮಾತು ನಡೆದಿದೆ. ಇಷ್ಟು ವರ್ಷಕ್ಕೆ ಮೊದಲ ಸಲ ಈ ವಿದ್ಯೆ ಕೆಲಸಕ್ಕೆ ಬರುತ್ತದೆ ಎನ್ನುವಾಗ 'ಅಣ್ಣನ ಮಂತ್ರ' ಎಂಬ ಮಾತು ವಿಚಾರಣೆಯಲ್ಲಿ ಬಂದರೆ ನನ್ನ ಕಥೆ ಮುಗಿಯಿತು. ನಾನು ತಮಾಷೆಗೆ ಬರೆದದ್ದು ಅದು. ನಿಮ್ಮ ಕೋಣೆಯವರಿಗೆಲ್ಲ ಹಂಚು ಎಂದು ನಾನು ಹೇಳಿರಲಿಲ್ಲ. ಆ ಪದ ಯಾರ ಬಾಯಿಂದಲೂ ಬಾರದಂತೆ ನೋಡಿಕೋ, ನಿನ್ನ ದಮ್ಮಯ್ಯ.

ಹೋದವರು ಹೋದರು. ಇರುವವರು ಬದುಕಬೇಕಲ್ಲ.

ಅಣ್ಣ


ಜೂನ್ ೯

ಅಣ್ಣಾ,

ವಿಚಾರಣೆ ಮುಗಿಯಿತು. ಒಂದು ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ಕಿಟಕಿಯ ಹತ್ತಿರ ತಾತ ಮತ್ತು ಅವರ ಮಗಳು. ತಾತನನ್ನು ನಾನು ನೋಡಿದ್ದು ಅದೇ ಮೊದಲು. ದನಿಗಿಂತ ಚಿಕ್ಕ ಮನುಷ್ಯ. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದರು.

ವಕೀಲರು ನಿನ್ನ ಅಭಿಪ್ರಾಯವನ್ನು ಓದಿದರು. 'ತಾವಾಗಿಯೇ ಕರೆಯನ್ನು ಮುಗಿಸಿದ್ದಾರೆ' ಎಂಬಲ್ಲಿಗೆ ಬಂದಾಗ ತಾತ ಹೌದೆಂದು ತಲೆಯಾಡಿಸಿದರು. "ನಂದೇ ತಪ್ಪು ಸ್ವಾಮಿ, ನೆಟ್ಟಗೆ ಹೇಳೋಕೆ ಬರ್ಲಿಲ್ಲ ನಂಗೆ" ಎಂದರು. ಮಗಳು ಅವರ ಕೈ ಒತ್ತಿದಳು. ಅವರು ನಿನ್ನನ್ನು ನಂಬಿದರು ಅಣ್ಣಾ. ಓದಿದವರು ಹೇಳಿದ್ದಾರೆಂದರೆ ಸರಿಯೇ ಇರಬೇಕು ಎಂದು ನಂಬಿ, ಹೆಂಡತಿಯ ಸಾವನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಎಲ್ಲ ಹೇಳಿದೆ. ಗದ್ದಲವಿರಲಿಲ್ಲ, ಗೌರವವೂ ಇರಲಿಲ್ಲ, ಫೋನ್ ಇಡಲಿ ಎಂದೇ ಸುಮ್ಮನಿದ್ದೆ, ಕೇಳಿಸಿಯೂ ಸುಮ್ಮನಿದ್ದೆ ಎಂದೆ. ವಕೀಲರು ನನ್ನ ಸೆರಗು ಎಳೆಯುವುದೊಂದು ಬಾಕಿ. ಅಧ್ಯಕ್ಷರು ಕನ್ನಡಕ ತೆಗೆದು, "ಇದನ್ನ ನಿಮ್ಗೆ ಯಾರು ಹೇಳ್ಕೊಟ್ರು?" ಎಂದು ಕೇಳಿದರು.

ನಾನು ಮಾತಾಡಲಿಲ್ಲ. ಅವರು ಕಾದರು. ಇನ್ನೊಮ್ಮೆ ಕೇಳಿದರು. ನಾನು ಆಗಲೂ ಮಾತಾಡಲಿಲ್ಲ. "ಆಯ್ತು ಬಿಡಿ" ಎಂದು ಮುಂದಿನ ಪ್ರಶ್ನೆಗೆ ಹೋದರು. ನೀನು ಹೇಳಿದ್ದು ನಿಜ, ಅದು ಯಾರ ಮೇಲಾದರೂ ಕೆಲಸ ಮಾಡುತ್ತದೆ.

ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಹೇಳಿಕೊಟ್ಟವನು ನೀನು ಎಂಬ ಮಾತು ಎಲ್ಲೂ ಬಂದಿಲ್ಲ. ನಿಶ್ಚಿಂತೆಯಿಂದ ಇರು.


ಜೂನ್ ೨೦

ಗಿಣಿ,

ನಿನ್ನ ಪತ್ರ ಬಂತು. ನೀನು ನನ್ನ ಮರ್ಯಾದೆ ಉಳಿಸಿದೆ. ಆದರೆ ಕೆಳಗೆ ಸಹಿ ಇಲ್ಲ. ಸಿಟ್ಟು ಬಂದಿದೆಯೆಂದು ಗೊತ್ತು. ಬರಬೇಕಾದ್ದೇ. ಹೇಳಿಕೊಟ್ಟವನು ನಾನೇ ಎಂದು ಆ ಅಧ್ಯಕ್ಷರಿಗೆ ಬರೆಯಬೇಕೆಂದು ಕಾಗದ ತೆಗೆದುಕೊಂಡೆ. ಎರಡು ಸಲ ಶುರು ಮಾಡಿದೆ. ಮುಂದೆ ಸಾಗಲಿಲ್ಲ. ಪುಸ್ತಕ ಬರಲಿ, ಆಮೇಲೆ ನೋಡೋಣ ಎಂದು ಇಟ್ಟಿದ್ದೇನೆ. ನಿನಗೆ ಬೇರೆ ಕೆಲಸಕ್ಕೆ ಇಲ್ಲಿ ಒಬ್ಬಿಬ್ಬರ ಹತ್ತಿರ ಮಾತಾಡಿದ್ದೇನೆ. ನೀನು ಹೂಂ ಅಂದರೆ ಮುಂದುವರಿಸುತ್ತೇನೆ. ಹೇಗಿದ್ದೀ ಎಂದು ತಕ್ಷಣ ಬರಿ.

ಅಣ್ಣ


ಜುಲೈ ೧೦

ಗಿಣಿ,

ಹಿಂದಿನ ಪತ್ರ ತಲುಪಲಿಲ್ಲವೋ ಏನೋ ಎಂದು ಇದನ್ನು ಬರೆಯುತ್ತಿದ್ದೇನೆ. ಅಧ್ಯಕ್ಷರಿಗೆ ಬರೆಯುವ ಬಗ್ಗೆ ಹೇಳಿದ್ದೆ. ನಿನ್ನ ಕೆಲಸದ ಬಗ್ಗೆಯೂ ಹೇಳಿದ್ದೆ. ಒಬ್ಬರು ಹೂಂ ಅಂದಿದ್ದಾರೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ತಪ್ಪು ನನ್ನದೂ ಇದೆ ಎಂದು ಒಪ್ಪುತ್ತೇನೆ. ತಲುಪಿದ್ದರೆ ಒಂದು ಸಾಲು ಬರಿ.

ಅಣ್ಣ


ಆಗಸ್ಟ್ ೩

ಗಿಣಿ,

ಪುಸ್ತಕ ಬಂತು. ತೆರೆದು ನೋಡಲು ಮನಸ್ಸಾಗಿಲ್ಲ. ಏನು ಬರೆಯಬೇಕೋ ತಿಳಿಯುತ್ತಿಲ್ಲ. ಚೆನ್ನಾಗಿದ್ದೀ ತಾನೇ?


ಆಗಸ್ಟ್ ೨೯

ತಲುಪುತ್ತಿದೆಯಾ?


ಸೆಪ್ಟೆಂಬರ್ ೧೪

ಅಣ್ಣಾ,

ಎಲ್ಲ ಪತ್ರಗಳೂ ತಲುಪಿವೆ. ಬೇಕೆಂದೇ ಉತ್ತರ ಬರೆಯಲಿಲ್ಲ. ಎದುರಿಗೆ ಹೂಂ ಅನ್ನುವವರಿಲ್ಲದಿದ್ದರೆ ಹೇಗಿರುತ್ತದೆ ಎಂದು ನಿನಗೂ ಒಮ್ಮೆ ಗೊತ್ತಾಗಲಿ ಎನ್ನಿಸಿತ್ತು. ಮಾತೇ ಬದುಕಾದವನು ಕೊನೆಗೆ ಒಂದು ಸಾಲಿಗೆ ಬಂದೆಯಲ್ಲ. ಅದನ್ನು ನೋಡಿದರೆ ನನಗೆ ಸಮಾಧಾನ ಆಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ. ಅಳು ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ತಾತನ ಮನೆಗೆ ಹೋಗುತ್ತಿದ್ದೇನೆ. ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಗಳು ಬೇರೆ ಊರಿನಲ್ಲಿರುತ್ತಾಳೆ. ಮೊದಲ ದಿನ ಬಾಗಿಲು ತೆರೆದವರು ಮೆಟ್ಟಿಲ ಕತ್ತಲಲ್ಲಿ ಗುರುತು ಹಿಡಿಯಲಿಲ್ಲ. ನಾನು "ನಮಸ್ಕಾರ ತಾತ" ಎಂದದ್ದೇ ತಡ, ದನಿಗೆ ಬೆಚ್ಚಿದರು. "ನೀವಾ" ಎಂದರು. ಬೈಯಲಿಲ್ಲ, ಬಾಗಿಲು ಹಾಕಲೂ ಇಲ್ಲ. ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು.

ಅಲ್ಲಿಂದ ಈಚೆಗೆ ವಾರಕ್ಕೊಂದು ಸಲ ಹೋಗುತ್ತೇನೆ. ಅವರು ಕುರ್ಚಿಯಲ್ಲಿ, ನಾನು ಕಿಟಕಿಯ ಕಟ್ಟೆಯ ಮೇಲೆ. ಪಕ್ಕದಲ್ಲಿ ಹಾಸಿಗೆ, ಅದರ ಒಂದು ಬದಿಯ ದಿಂಬನ್ನು ಇನ್ನೂ ತೆಗೆದಿಲ್ಲ. ಫೋನು ಅಲ್ಲೇ ಗೂಡಿನಲ್ಲಿದೆ, ಅದರ ಮೇಲೆ ಒಂದು ಬಟ್ಟೆ ಹೊದಿಸಿದ್ದಾರೆ. ಅಣ್ಣಾ, ಅವರು ಮಾತಾಡುವುದಿಲ್ಲ. ಒಂದು ಪಂಪಿನ ಸುತ್ತ ಊರೆಲ್ಲ ಸುತ್ತಿ ಬರುತ್ತಿದ್ದ ಮನುಷ್ಯ. ಹೂಂ ಎಂಬುದನ್ನು ಬಾಯಲ್ಲಿಟ್ಟುಕೊಂಡು ನಾನು ಕಾಯುತ್ತೇನೆ, ಅನ್ನಲು ಅವರು ಜಾಗವೇ ಕೊಡುವುದಿಲ್ಲ. ಮಂಡಿನೋವು ಹೇಗಿದೆ ಎಂದು ಕೇಳಿದರೆ ತಲೆಯಾಡಿಸುತ್ತಾರೆ. ಅಡುಗೆಮನೆಯ ನಲ್ಲಿಯಲ್ಲಿ ನೀರು ಚೆನ್ನಾಗಿ ಬರುತ್ತದೆ. ಲೋಟ ತೊಳೆದಿಟ್ಟು ಬರುತ್ತೇನೆ.

ನಿನ್ನೆ ಮಾತ್ರ ಮಧ್ಯದಲ್ಲೊಮ್ಮೆ ಗಂಟಲು ಸರಿಮಾಡಿಕೊಂಡರು. "ಅವತ್ತು..." ಎಂದರು. ನಾನು ಹೂಂ ಅಂದೆ. ಎಷ್ಟು ಅವಸರದಿಂದ ಅಂದೆನೆಂದರೆ ಅವರ ಮಾತಿನ ಮೇಲೆಯೇ ಬಿತ್ತು. ಅವರು ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯ ಆಚೆ ನೋಡಿದರು. ಆಮೇಲೆ, "ಆಯ್ತು ಬಿಡಮ್ಮ, ನಿಮ್ಗೂ ಕೆಲ್ಸ ಇರತ್ತೆ" ಎಂದರು.

"ನಂಗೇನೂ ಕೆಲ್ಸ ಇಲ್ಲ ತಾತ" ಅಂದೆ.

ಅವರು ಏನೂ ಅನ್ನಲಿಲ್ಲ. ನಾನು ಕೂತೇ ಇದ್ದೆ.

ನಿನ್ನ ತಂಗಿ